ಮೊದಲ ಜಾಲತಾಣ: ಕೈಬರಹವೋ, ಗುತ್ತಿಗೆಯೋ?

ವಿದ್ಯಾಸಂಸ್ಥೆಯೊಂದಕ್ಕೆ ಬೆಳ್ಳಿಹಬ್ಬವೋ ಚಿನ್ನದ ಹಬ್ಬವೋ ಸಮೀಪಿಸಿದಾಗ ಸ್ವಾಗತ ಸಮಿತಿಯ ಮೊದಲ ಸಭೆಯಲ್ಲಿಯೇ ಮೂರು ಠರಾವುಗಳು ಅಂಗೀಕೃತವಾಗುವುದು ಈಚಿನ ವಾಡಿಕೆ: ಮಹಾದ್ವಾರಕ್ಕೆ ಸುಣ್ಣಬಣ್ಣ, ಒಂದು ಸ್ಮರಣ ಸಂಚಿಕೆ, ಒಂದು ಜಾಲತಾಣ. ಮೊದಲನೆಯದರ ಬಣ್ಣ ಯಾವುದಿರಬೇಕೆಂಬುದನ್ನು ಕುರಿತು ಅರ್ಧ ಗಂಟೆ ಚರ್ಚೆ ನಡೆಯುತ್ತದೆ. ಎರಡನೆಯದಕ್ಕೆ ಸಂಪಾದಕ ಮಂಡಳಿಯೊಂದು ನೇಮಕವಾಗುತ್ತದೆ. ಲೇಖನಗಳ ಆಯ್ಕೆ, ಕರಡು ತಿದ್ದುವಿಕೆ, ದಾನಿಗಳ ಹೆಸರುಗಳ ಅನುಕ್ರಮ ಇವೆಲ್ಲಕ್ಕೂ ಹೊಣೆಗಾರರು ಗೊತ್ತಾಗುತ್ತಾರೆ. ಮೂರನೆಯದರ ಸರದಿ ಬರುವಷ್ಟರಲ್ಲಿ ಸಭೆಗೆ ಪ್ರಸಾದದ ಹೊತ್ತಾಗಿರುತ್ತದೆ. "ಅದನ್ನು ಯಾರಿಗಾದರೂ ವಹಿಸಿಬಿಡೋಣ" ಎಂಬ ಒಂದೇ ವಾಕ್ಯದಲ್ಲಿ ಆ ವಿಷಯ ಮುಗಿದುಹೋಗುತ್ತದೆ.

ಹೀಗೆ ವಹಿಸಿಬಿಡುವುದರಲ್ಲಿ ಸಂಸ್ಥೆಗೆ ದೊಡ್ಡ ಹಾನಿಯೊಂದಿದೆ. ಶಾಲೆಯ ಮೊದಲ ಜಾಲತಾಣವನ್ನು ಶಾಲೆಯವರೇ, ಅದರಲ್ಲಿಯೂ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳು ಕೂಡಿ ಕುಳಿತು, ಅಕ್ಷರ ಅಕ್ಷರವಾಗಿ ತಮ್ಮ ಕೈಯಿಂದ ಬರೆದು ಕಟ್ಟತಕ್ಕದ್ದು. ಅದು ಐದೇ ಪುಟದ್ದಾಗಲಿ, ಚೆಲುವಿನಲ್ಲಿ ಕಡಿಮೆಯಾಗಲಿ, ಬಂದ ನೆಂಟರಿಗೆ ತೋರಿಸಲು ಸಂಕೋಚವೆನಿಸುವಂತಿರಲಿ, ಬಾಧಕವಿಲ್ಲ. ಎರಡನೆಯ ತಾಣವನ್ನು ಬೇಕಾದರೆ ಪರಿಣತರಿಂದ ಮಾಡಿಸಬಹುದು. ಮೊದಲನೆಯದನ್ನು ಮಾಡಿಸಲಾಗದು.

ಜಿಲ್ಲೆಯ ಮತ್ತೊಂದು ವಿದ್ಯಾಸಂಸ್ಥೆಯ ಪ್ರಸಂಗ ಇಲ್ಲಿ ಸ್ಮರಣೀಯ. ಕೆಲವು ವರ್ಷಗಳ ಹಿಂದೆ ಅಲ್ಲಿ ಸಂಭ್ರಮದ ಸಮಾರಂಭದಲ್ಲಿ, ವೇದಿಕೆಯ ಮೇಲೆ ದೀಪ ಬೆಳಗಿ, ಗುಂಡಿಯೊಂದನ್ನು ಒತ್ತಿಸಿ ಜಾಲತಾಣದ ಲೋಕಾರ್ಪಣೆ ಮಾಡಲಾಯಿತು. ಗುತ್ತಿಗೆ ಹಿಡಿದ ತರುಣನು ಕೆಲಸಗಾರನೇ. ತಾಣವೂ ನೋಡಲು ಸೊಗಸಾಗಿತ್ತು. ಆದರೆ ಅದರ ವಿಳಾಸ ನೋಂದಣಿಯಾಗಿದ್ದುದು ಅವನ ಹೆಸರಿನಲ್ಲಿ. ಅದರ ಬಾಡಿಗೆಯ ನೆನಪೋಲೆಗಳು ಬರುತ್ತಿದ್ದುದು ಅವನ ಮಿಂಚಂಚೆಗೆ. ಅವನು ಬೇರೆ ಉದ್ಯೋಗ ಹಿಡಿದು ದೂರದ ಊರಿಗೆ ಹೋದನು. ಬಾಡಿಗೆ ತೀರದೆ ತಾಣ ಮುಚ್ಚಿತು, ವಿಳಾಸ ಮತ್ತಾರದೋ ಪಾಲಾಯಿತು. ಕೆಲವು ತಿಂಗಳ ಮೇಲೆ ಆ ಶಾಲೆಯ ಹೆಸರನ್ನು ಒತ್ತಿದವರಿಗೆ ಕಂಡದ್ದು ಜೂಜಾಟದ ಜಾಹೀರಾತು! ಇಷ್ಟಕ್ಕೆ ಮುಗಿದಿದ್ದರೆ ನಗೆಗೀಡಾದ ಪ್ರಸಂಗವೆನ್ನಬಹುದಿತ್ತು. ಮುಖ್ಯೋಪಾಧ್ಯಾಯರ ಪರಂಪರೆ, ಕಟ್ಟಡಕ್ಕೆ ಕಲ್ಲು ಮರಳು ಹೊತ್ತ ಊರವರ ಹೆಸರುಗಳು, ಮೊದಮೊದಲ ದಾನಿಗಳ ಪಟ್ಟಿ ಇವೆಲ್ಲವೂ ಹಳೆಯ ಕಡತವೊಂದರಲ್ಲಿದ್ದವು. ಜಾಲತಾಣದಲ್ಲಿ ಎಲ್ಲವೂ ಬಂದಿದೆಯೆಂಬ ಧೈರ್ಯದಿಂದ ಆ ಕಡತವನ್ನು ಬೀರು ಖಾಲಿ ಮಾಡುವಾಗ ರದ್ದಿಗೆ ಹಾಕಲಾಗಿತ್ತು. ಕಲ್ಲು ಹೊತ್ತವರ ಹೆಸರು ಇಂದು ಎಲ್ಲಿಯೂ ಇಲ್ಲ.

ಇದರಲ್ಲಿ ಗುತ್ತಿಗೆದಾರನನ್ನೇ ದೂಷಿಸುವುದು ನ್ಯಾಯವಲ್ಲ. ತಾಣವೆಂದರೇನು, ಅದು ಎಲ್ಲಿ ಇರುತ್ತದೆ, ಅದರ ವಿಳಾಸ ಸ್ವಂತದ್ದೋ ಬಾಡಿಗೆಯದೋ ಎಂಬುದನ್ನು ತಿಳಿದವರು ಒಬ್ಬರೂ ಶಾಲೆಯಲ್ಲಿರಲಿಲ್ಲ. ತಿಳಿಯುವ ಅವಕಾಶವೂ ಅವರಿಗೆ ಒದಗಲಿಲ್ಲ. ಏಕೆಂದರೆ ಅವರು ಗುಂಡಿಯನ್ನು ಮಾತ್ರ ಒತ್ತಿದ್ದರು.

ಜಾಲತಾಣ ಕಟ್ಟುವುದು ದೊಡ್ಡ ವಿದ್ಯೆ, ಪದವಿ ಪಡೆದ ತಂತ್ರಜ್ಞರ ಸ್ವತ್ತು ಎಂಬ ಅಂಜಿಕೆಯೇ ಈ ಬಗೆಯ ಉದಾಸೀನಕ್ಕೆ ಮೂಲ. ಜಗತ್ತಿನ ಮೊಟ್ಟಮೊದಲ ಜಾಲತಾಣದ ಕಥೆಯನ್ನು ಅರಿತರೆ ಈ ಅಂಜಿಕೆ ಬಹುಪಾಲು ಕರಗುತ್ತದೆ. ಸ್ವಿಟ್ಜರ್ಲೆಂಡಿನ ಜಿನೀವಾ ನಗರದ ಬಳಿಯಿರುವ ಸರ್ನ್ ಎಂಬ ಭೌತವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ನಾನಾ ದೇಶಗಳ ವಿಜ್ಞಾನಿಗಳು ಬಂದು ಹೋಗುತ್ತಿದ್ದರು. ಒಬ್ಬರು ಬರೆದಿಟ್ಟ ಟಿಪ್ಪಣಿ ಮತ್ತೊಬ್ಬರ ಯಂತ್ರದಲ್ಲಿ ತೆರೆಯುತ್ತಿರಲಿಲ್ಲ. ಬಂದವರು ಹಿಂದಿರುಗಿದೊಡನೆ ಅವರ ತಿಳಿವಳಿಕೆಯೂ ಅವರ ಜೊತೆಯಲ್ಲಿಯೇ ಹೊರಟುಹೋಗುತ್ತಿತ್ತು. ಈ ಕಷ್ಟಕ್ಕೆ ಪರಿಹಾರವಾಗಿ ಟಿಮ್ ಬರ್ನರ್ಸ್-ಲೀ ಎಂಬವರು 1989ರ ಮಾರ್ಚಿಯಲ್ಲಿ ಒಂದು ಪ್ರಸ್ತಾವ ಸಲ್ಲಿಸಿದರು. 1990ರ ಕೊನೆಯ ವೇಳೆಗೆ ಅವರ ಮೇಜಿನ ಮೇಲಿನ ಒಂದೇ ಗಣಕದಿಂದ ಮೊದಲ ತಾಣ ನಡೆಯತೊಡಗಿತು. 1991ರ ಆಗಸ್ಟ್ ತಿಂಗಳಲ್ಲಿ ಅದರ ಸುದ್ದಿ ಹೊರಜಗತ್ತಿಗೆ ತಿಳಿಯಿತು. ಆ ಗಣಕದ ಮೇಲೆ ಅವರು ಒಂದು ಚೀಟಿಯನ್ನು ಅಂಟಿಸಿ, ಇದನ್ನು ಯಾರೂ ಆರಿಸಬಾರದೆಂದು ಕೆಂಪು ಶಾಯಿಯಲ್ಲಿ ಬರೆದಿದ್ದರು. ಅಷ್ಟು ವಿದ್ವಾಂಸರಿದ್ದ ಕಡೆಯಲ್ಲಿಯೂ ಜಗತ್ತಿನ ಏಕೈಕ ಜಾಲತಾಣವನ್ನು ಯಾರಾದರೂ ದೀಪ ಆರಿಸುವಂತೆ ಆರಿಸಿಬಿಟ್ಟಾರೆಂಬ ಭಯವಿತ್ತೆಂದ ಮೇಲೆ, ಹಳ್ಳಿಯ ಶಾಲೆಯ ಗಣಕಕೊಠಡಿಯವರು ತಮ್ಮ ಅಜ್ಞಾನಕ್ಕಾಗಿ ನಾಚಬೇಕಾಗಿಲ್ಲ.

ಆ ಮೊದಲ ತಾಣದಲ್ಲಿ ಚಿತ್ರವಿರಲಿಲ್ಲ, ಬಣ್ಣವಿರಲಿಲ್ಲ. ಯೋಜನೆ ಏನೆಂಬ ವಿವರಣೆ, ಅದರಲ್ಲಿ ತೊಡಗಿದವರ ಹೆಸರುಗಳು, ನೆರವಾಗಬಯಸುವವರಿಗೆ ಸೂಚನೆ, ಒಂದು ಪುಟದಿಂದ ಮತ್ತೊಂದಕ್ಕೆ ಕೊಂಡಿಗಳು, ಇಷ್ಟೇ. ಅದನ್ನು ಬರೆಯಲು ಬಳಸಿದ ಎಚ್‌ಟಿಎಂಎಲ್ ಎಂಬ ಗುರುತುಭಾಷೆಯಲ್ಲಿ ಆಗ ಇದ್ದ ಗುರುತುಗಳು ಸುಮಾರು ಇಪ್ಪತ್ತು. ಕನ್ನಡ ವರ್ಣಮಾಲೆಯನ್ನು ಬಾಯಿಪಾಠ ಮಾಡಿದ ಮಗುವಿಗೆ ಇಪ್ಪತ್ತು ಗುರುತುಗಳು ಎಷ್ಟರ ಭಾರ? ಆ ಬಳಿಕ ಗುರುತುಗಳ ಸಂಖ್ಯೆ ಬೆಳೆಯಿತಾದರೂ ಅಂದಿನ ಮುಖ್ಯ ಗುರುತುಗಳು ಇಂದಿಗೂ ಅದೇ ಕೆಲಸವನ್ನು ಮಾಡುತ್ತಿವೆ. ಅಂದು ಬರೆದ ಪುಟ ಇಂದಿನ ಯಾವ ಮೊಬೈಲಿನಲ್ಲಿಯಾದರೂ ತೆರೆಯುತ್ತದೆ. 1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆ ಈ ತಂತ್ರವನ್ನು ಸಾರ್ವಜನಿಕರ ಸ್ವತ್ತೆಂದು ಸಾರಿತು. ಅಂದಿನಿಂದ ಜಾಲದಲ್ಲಿ ಪುಟ ಬರೆಯಲು ಯಾರ ಅಪ್ಪಣೆಯೂ ಬೇಡ, ಯಾರಿಗೂ ಕಪ್ಪ ಕೊಡಬೇಕಾದುದಿಲ್ಲ.

ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಆ ಮೊದಲ ಪುಟದ ಮೊದಲ ರೂಪ ಹೇಗಿತ್ತೆಂಬುದನ್ನು ಅದನ್ನು ಕಟ್ಟಿದವರೂ ಜೋಪಾನ ಮಾಡಿರಲಿಲ್ಲ. ಪುಟವನ್ನು ದಿನದಿನವೂ ತಿದ್ದುತ್ತ ಹೋದರೇ ಹೊರತು ಹಳೆಯದರ ಪ್ರತಿಯನ್ನು ತೆಗೆದಿಡಲಿಲ್ಲ. 2013ರಲ್ಲಿ ಸರ್ನ್ ಸಂಸ್ಥೆಯವರು ಮೊದಲ ತಾಣವನ್ನು ಅದರ ಹಳೆಯ ವಿಳಾಸದಲ್ಲಿಯೇ ಮತ್ತೆ ನಿಲ್ಲಿಸಿದಾಗ ಅವರಿಗೆ ದೊರೆತ ಆಧಾರ 1992ರ ಪ್ರತಿಯದು. ಕವಿಯ ಸ್ವಹಸ್ತಪ್ರತಿ ಸಿಗದೆ ಲಿಪಿಕಾರನ ಪ್ರತಿಯಿಂದ ಕಾವ್ಯವನ್ನು ಸಂಪಾದಿಸಿದಂತಾಯಿತು.

ಈ ಶಾಲೆಯಲ್ಲಿ ಕಳೆದ ಬೇಸಿಗೆಯ ರಜೆಯಲ್ಲಿ ನಡೆದುದು ಇಷ್ಟೇ ಸರಳವಾದ ಪ್ರಯತ್ನ. ಒಂಬತ್ತನೆಯ ತರಗತಿಯ ಇಬ್ಬರು ವಿದ್ಯಾರ್ಥಿನಿಯರು, ಅವರ ವಿಜ್ಞಾನದ ಅಧ್ಯಾಪಕರು, ಕೆಲವು ದಿನಗಳ ಮೇಲೆ ಕುತೂಹಲದಿಂದ ಬಂದು ಕುಳಿತ ನಿವೃತ್ತ ಅಧ್ಯಾಪಕರಿಬ್ಬರು. ಮೂವರಲ್ಲಿ ಯಾರಿಗೂ ತಾಣ ಕಟ್ಟಿದ ಅನುಭವವಿರಲಿಲ್ಲ. ನಿವೃತ್ತರ ಮಾತಂತೂ ಬೇಡ. ನೋಟ್‌ಪ್ಯಾಡ್ ಎಂಬ ಬರಿಯ ಬರವಣಿಗೆಯ ಹಲಗೆಯನ್ನು ತೆರೆದು, ಶಾಲೆಯ ಹೆಸರನ್ನು ಶೀರ್ಷಿಕೆಯ ಗುರುತಿನೊಳಗೆ ಇಟ್ಟು, ಸ್ಥಾಪನೆಯ ವೃತ್ತಾಂತವನ್ನು ಪರಿಚ್ಛೇದದ ಗುರುತಿನೊಳಗೆ ಇಟ್ಟು, ಫೈಲನ್ನು ಉಳಿಸಿ, ಬ್ರೌಸರಿನಲ್ಲಿ ತೆರೆದರು. ಕಂಡದ್ದು ಸಾಲುಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು!

ಕಾರಣವನ್ನು ಹುಡುಕಲು ಒಂದು ಇಡೀ ಮಧ್ಯಾಹ್ನ ಹಿಡಿಯಿತು. ಶಾಲೆಯ ಗಣಕಗಳು ದಾನವಾಗಿ ಬಂದವು, ಸ್ವಲ್ಪ ವಯಸ್ಸಾದವು. (ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದಂತಾದೀತು, ಆ ಮಾತು ಸಾಕು.) 2019ಕ್ಕಿಂತ ಹಿಂದಿನ ನೋಟ್‌ಪ್ಯಾಡ್, ಬೇರೆ ಹೇಳದಿದ್ದರೆ, ರೋಮನ್ ಲಿಪಿಗಾಗಿ ಮಾಡಿದ ಹಳೆಯ ಸಂಕೇತಪದ್ಧತಿಯಲ್ಲಿ ಫೈಲನ್ನು ಉಳಿಸುತ್ತದೆ. ಅದರಲ್ಲಿ ಕನ್ನಡಕ್ಕೆ ಎಡೆಯಿಲ್ಲ. ಉಳಿಸುವ ಮುನ್ನ ಅದು ಎಚ್ಚರಿಕೆಯನ್ನೂ ಕೊಡುತ್ತದೆ. ಎಲ್ಲರೂ ಮಾಡುವಂತೆ ಈ ಮಕ್ಕಳೂ ಅದನ್ನು ಓದದೆ ಒಪ್ಪಿಗೆ ಒತ್ತಿದ್ದರು. ಎರಡನೆಯ ಸಲ ಬೇರೊಂದು ಬರವಣಿಗೆಯ ಹಲಗೆಯಲ್ಲಿ ಯುಟಿಎಫ್-8 ಎಂಬ ಪದ್ಧತಿಯನ್ನು ಆರಿಸಿ ಉಳಿಸಿದರು. ಈಗ ಪ್ರಶ್ನಾರ್ಥಕಗಳು ಹೋದವು. ಬದಲಿಗೆ, ನೆತ್ತಿಯ ಮೇಲೆ ಓರೆಗೆರೆ ಹೊತ್ತ ರೋಮನ್ 'ಎ' ಅಕ್ಷರ, ಅದರ ಪಕ್ಕದಲ್ಲಿ ಚಿಕ್ಕ ಎರಡೋ ಮೂರೋ ಅಂಕಿ, ಮತ್ತೇನೋ ಚಿಹ್ನೆ, ಹೀಗೆ ಪುಟದ ತುಂಬ ಕಂಡಿತು. ಯುಟಿಎಫ್-8ರಲ್ಲಿ ಪ್ರತಿಯೊಂದು ಕನ್ನಡ ಸಂಕೇತವೂ ಮೂರು ಬೈಟುಗಳಲ್ಲಿ ಅಡಗಿರುತ್ತದೆ. ಪುಟದ ತಲೆಯಲ್ಲಿ ಈ ಪದ್ಧತಿಯ ಹೆಸರನ್ನು ಬರೆದಿರದಿದ್ದುದರಿಂದ ಬ್ರೌಸರು ಮೂರನ್ನೂ ಬೇರೆಬೇರೆ ರೋಮನ್ ಚಿಹ್ನೆಗಳೆಂದು ಭ್ರಮಿಸಿ ಓದಿತ್ತು. ಒಂದು ಸಾಲು ಸೇರಿಸಿದೊಡನೆ ಶಾಲೆಯ ಹೆಸರು ಶುದ್ಧ ಕನ್ನಡದಲ್ಲಿ ಮೂಡಿತು.

ಈ ಎರಡು ತಪ್ಪುಗಳ ನಡುವಣ ಭೇದವನ್ನು ಗ್ರಂಥಸಂಪಾದನೆ ಬಲ್ಲವರು ಕೂಡಲೇ ಗುರುತಿಸಬಲ್ಲರು. ಮೊದಲನೆಯದು ಲಿಪಿಕಾರನ ದೋಷ. ಓಲೆಗರಿಯ ಮೇಲೆ ಅಕ್ಷರವೇ ಬೀಳಲಿಲ್ಲ, ಎಂಥ ಪಂಡಿತನೂ ಅದನ್ನು ಮರಳಿ ತರಲಾರ. ಎರಡನೆಯದು ಓದುಗನ ದೋಷ. ಅಕ್ಷರ ಗರಿಯ ಮೇಲೆ ಕ್ಷೇಮವಾಗಿಯೇ ಇದೆ, ಓದಲು ಬಾರದವನು ಓದುತ್ತಿದ್ದಾನೆ. ಪ್ರಶ್ನಾರ್ಥಕ ಕಂಡರೆ ಮತ್ತೆ ಬರೆಯಬೇಕು, ಗೋಜಲು ಕಂಡರೆ ಓದುವ ಬಗೆಯನ್ನು ತಿದ್ದಿದರೆ ಸಾಕು ಎಂಬ ಈ ವಿವೇಕ ಆ ಇಬ್ಬರು ಹುಡುಗಿಯರಿಗೆ ಆ ಮಧ್ಯಾಹ್ನವೇ ಬಂದಿತು. ಗುತ್ತಿಗೆ ಕೊಟ್ಟಿದ್ದರೆ ಎಂದಾದರೂ ಬರುತ್ತಿತ್ತೇ?

ಜಾಲತಾಣದ ಕೆಲಸದಲ್ಲಿ ಕನ್ನಡ ಅಧ್ಯಾಪಕರಿಗೇನು ಪಾತ್ರ, ಅದು ಗಣಕ ಕಲಿಸುವವರ ಪಾಡು ಎಂದು ಹೇಳುವವರುಂಟು. ಪರಿಸ್ಥಿತಿ ಇದಕ್ಕೆ ವಿರುದ್ಧವಾಗಿದೆ. ಜಾಲದ ಸುದ್ದಿ ಹೊರಬಿದ್ದ 1991ರಲ್ಲಿಯೇ, ಎರಡು ತಿಂಗಳ ಅಂತರದಲ್ಲಿ, ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಸ್ಥಾನ ಕೊಡುವ ಯೂನಿಕೋಡ್ ಎಂಬ ಸಂಕೇತವ್ಯವಸ್ಥೆಯ ಮೊದಲ ಆವೃತ್ತಿ ಪ್ರಕಟವಾಯಿತು. ಅದರಲ್ಲಿ ಕನ್ನಡಕ್ಕೆ 128 ಮನೆಗಳ ಒಂದು ಕೇರಿಯೇ ಮೊದಲ ದಿನದಿಂದ ಮೀಸಲಾಗಿತ್ತು. ಈ ವ್ಯವಸ್ಥೆಯಲ್ಲಿ ಕನ್ನಡದ ಬರವಣಿಗೆ ಉಳಿಯುವ ಕ್ರಮ ವೈಯಾಕರಣರಿಗೆ ಸಂತೋಷ ಕೊಡುವಂಥದು. 'ಕನ್ನಡ' ಎಂಬ ಶಬ್ದ ಕಣ್ಣಿಗೆ ಮೂರು ಅಕ್ಷರ; ಯಂತ್ರದ ಒಳಗೆ ಅದು ಐದು ಸಂಕೇತ: ಕಕಾರ, ನಕಾರ, ಅದರ ಸ್ವರವನ್ನು ಕಳೆಯುವ ಹಲಂತಚಿಹ್ನೆ, ಮತ್ತೆ ನಕಾರ, ಡಕಾರ. ಒತ್ತಕ್ಷರವೆಂಬುದಕ್ಕೆ ಅಲ್ಲಿ ಬೇರೆಯ ಅಸ್ತಿತ್ವವಿಲ್ಲ. ಅರ್ಕಾವೊತ್ತಿನ ವಿಚಾರ ಇನ್ನೂ ಸ್ವಾರಸ್ಯಕರ. 'ಕರ್ಮ' ಎಂಬಲ್ಲಿ ಕಣ್ಣಿಗೆ ಮೊದಲು ಕಾಣುವುದು ಮಕಾರ, ಆಮೇಲೆ ಅದರ ಮಗ್ಗುಲಿನ ಅರ್ಕಾವೊತ್ತು. ಕಿವಿಗೆ ಮೊದಲು ಕೇಳುವುದು ರೇಫ. ಯೂನಿಕೋಡ್ ಕಣ್ಣಿನ ಪಕ್ಷವನ್ನು ಬಿಟ್ಟು ಕಿವಿಯ ಪಕ್ಷವನ್ನು ಹಿಡಿದಿದೆ. ರೇಫವನ್ನೇ ಮೊದಲು ಉಳಿಸುತ್ತದೆ. ಅಕಾರಾದಿಯಾಗಿ ಜೋಡಿಸುವಾಗ, ಹೆಸರನ್ನು ಹುಡುಕುವಾಗ, ಈ ಉಚ್ಚಾರಣಕ್ರಮದಿಂದ ಆಗುವ ಉಪಕಾರ ಅಷ್ಟಿಷ್ಟಲ್ಲ. ಇದನ್ನು ಮಕ್ಕಳಿಗೆ ತಿಳಿಸಿಕೊಡಲು ಸಂಜ್ಞಾಪ್ರಕರಣ ಬಲ್ಲ ಕನ್ನಡ ಅಧ್ಯಾಪಕರಿಗಿಂತ ಯೋಗ್ಯರು ಯಾರು?

ಯೂನಿಕೋಡ್ ಕಾಗದದ ಮೇಲೆ ಬಂದರೂ ಅದು ಮನೆಮನೆಯ ಗಣಕಗಳಿಗೆ ಇಳಿಯಲು ದಶಕ ಹಿಡಿಯಿತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗ' ಎಂಬ ಕನ್ನಡ ಫಾಂಟ್ ಸೇರಿತ್ತು. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಅದಕ್ಕೆ ಮುಂಚಿನ ದಿನಗಳಲ್ಲಿ ಗಣಕದಲ್ಲಿ ಕನ್ನಡವನ್ನು ಜೀವಂತವಾಗಿ ಇಟ್ಟವು 1998ರಲ್ಲಿ ಬಂದ 'ಬರಹ', ಆಮೇಲಿನ 'ನುಡಿ' ಮೊದಲಾದ ತಂತ್ರಾಂಶಗಳು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ನಾಡು ಇಂದಿಗೂ ಬಳಸುತ್ತಿದೆ. ಇವರೆಲ್ಲರ ಋಣ ದೊಡ್ಡದು. ಆದರೆ ಆ ಕಾಲದ ಫಾಂಟುಗಳು ಬೇರೆ ದಾರಿಯಿಲ್ಲದೆ ರೋಮನ್ ಅಕ್ಷರಗಳ ಮನೆಗಳಲ್ಲಿಯೇ ಕನ್ನಡದ ಚೂರುಗಳನ್ನು ಚಿತ್ರಿಸಿ ಇಟ್ಟಿದ್ದವು. ಕಾಣುವುದು ಕನ್ನಡ, ಉಳಿಯುವುದು ರೋಮನ್. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅದು ಅರ್ಥಹೀನ ಚಿಹ್ನೆಗಳ ರಾಶಿ. ಈ ತಂತ್ರಾಂಶಗಳೂ ಮುಂದೆ ಯೂನಿಕೋಡ್ ಕ್ರಮವನ್ನು ಅಳವಡಿಸಿಕೊಂಡವು. ಮುದ್ರಣಾಲಯಗಳಲ್ಲಿ ಮಾತ್ರ ಹಳೆಯ ಫಾಂಟುಗಳ ರೂಢಿ ಇನ್ನೂ ಅನೇಕ ಕಡೆ ಹೋಗಿಲ್ಲ. ಸ್ಮರಣ ಸಂಚಿಕೆಗಾಗಿ ಒಮ್ಮೆ ಜೋಡಿಸಿದ ಬರಹವನ್ನೇ ತಾಣಕ್ಕೆ ಹಾಕಿಬಿಡಬಹುದೆಂದು ತಿಳಿಯುವವರು ಇಲ್ಲಿ ಎಡವುತ್ತಾರೆ. ಹಳೆಯ ಸಂಕೇತವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳಿವೆ. ಪರಿವರ್ತನೆಯಾದ ಮೇಲೆ ಕರಡು ತಿದ್ದುವವರ ಕಣ್ಣು ಮತ್ತೊಮ್ಮೆ ಅದರ ಮೇಲೆ ಹಾಯಲೇಬೇಕು.

ಈ ಕಷ್ಟಕ್ಕೆ ಹೆದರಿ ಗುತ್ತಿಗೆದಾರರು ಅನುಸರಿಸುವ ಅಡ್ಡದಾರಿಯೆಂದರೆ ಕನ್ನಡದ ಪುಟಗಳ ಫೋಟೋ ತೆಗೆದು ತಾಣಕ್ಕೆ ಅಂಟಿಸುವುದು. ನೋಡಿದವರಿಗೆ ಕನ್ನಡ ಕಾಣುತ್ತದೆ, ಸಮಿತಿಗೆ ಸಮಾಧಾನವಾಗುತ್ತದೆ. ಆದರೆ ದೂರದ ಊರಿನಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಯ ಮಗಳೊಬ್ಬಳು ತನ್ನ ತಂದೆಯ ಹೆಸರನ್ನು ಕನ್ನಡದಲ್ಲಿ ಬರೆದು ಹುಡುಕಿದರೆ ಆ ಚಿತ್ರದೊಳಗಿನ ಹೆಸರು ಬಹುಮಟ್ಟಿಗೆ ಸಿಗುವುದಿಲ್ಲ. ಚಿತ್ರದಿಂದ ಅಕ್ಷರಗಳನ್ನು ಓದುವ ಯಂತ್ರಗಳು ಬಂದಿವೆಯೆಂಬುದು ನಿಜವಾದರೂ ಹಳೆಯ ಮೊಳೆಯಚ್ಚಿನ ಸವೆದ ಒತ್ತುಗಳೆದುರು ಅವು ಪದೇಪದೇ ತಡವರಿಸುತ್ತವೆ. ಕಣ್ಣು ಕಾಣದವರಿಗೆ ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳಿವೆ. ಬರಹ ಬರಹವಾಗಿದ್ದರೆ ಅವು ಓದುತ್ತವೆ. ಚಿತ್ರ ಬಂದಾಗ ಮೌನವಾಗುತ್ತವೆ, ಇಲ್ಲವೆ ಬರಿದೇ ಚಿತ್ರವೆಂದು ಹೇಳಿ ಮುಂದೆ ಸಾಗುತ್ತವೆ. ಮೊಬೈಲಿನಲ್ಲಿ ತೆಗೆದ ಒಂದು ಫೋಟೋ 4 ಎಂಬಿ ತೂಗಿದರೆ ಅಷ್ಟೇ ಜಾಗದಲ್ಲಿ ಸುಮಾರು 13 ಲಕ್ಷ ಕನ್ನಡ ಸಂಕೇತಗಳು ಹಿಡಿಸುತ್ತವೆ ಎಂಬುದನ್ನು ಲೆಕ್ಕದ ಅಧ್ಯಾಪಕರು ಮಕ್ಕಳಿಂದ ಮಾಡಿಸಿ ತೋರಿಸಬಹುದು.

ಮಕ್ಕಳು ಕಲಿತ ಇನ್ನೊಂದು ಪಾಠ ಶೀರ್ಷಿಕೆಯದು. ಶಾಲೆಯ ಹೆಸರು ದಪ್ಪಕ್ಷರದಲ್ಲಿ ಬಂದಿತೆಂದು ಹಿಗ್ಗಿದ ಹುಡುಗಿಯೊಬ್ಬಳು ಸ್ವಾಗತದ ಸಾಲನ್ನೂ ದೂರವಾಣಿಯ ಸಂಖ್ಯೆಯನ್ನೂ ಅದೇ 'ಎಚ್1' ಗುರುತಿನೊಳಗೆ ಇಟ್ಟಳು. ಆ ಗುರುತಿನ ಅರ್ಥ 'ಇದು ದಪ್ಪ' ಎಂದಲ್ಲ, 'ಇದು ಈ ಪುಟದ ಪ್ರಧಾನ ಶೀರ್ಷಿಕೆ' ಎಂದು. ದಪ್ಪವಾಗುವುದು ಆನುಷಂಗಿಕ. ಪ್ರತ್ಯಯ ಶಬ್ದದ ಕಾರಕಸಂಬಂಧವನ್ನು ಹೇಳುವಂತೆ ಈ ಗುರುತುಗಳು ಬರಹದ ಆಯಾ ಭಾಗದ ಪಾತ್ರವನ್ನು ಹೇಳುತ್ತವೆ. ಬಣ್ಣ, ಅಳತೆ, ಅಂಚು ಇತ್ಯಾದಿಗಳಿಗಾಗಿ ಸಿಎಸ್‌ಎಸ್ ಎಂಬ ಪ್ರತ್ಯೇಕ ಶೈಲಿಭಾಷೆಯ ಮೊದಲ ನಿಯಮಾವಳಿ 1996ರ ಡಿಸೆಂಬರಿನಲ್ಲಿ ಹೊರಬಂದಿತು. ಆಲಂಕಾರಿಕರು ಕಾವ್ಯದಲ್ಲಿ ಶರೀರ ಬೇರೆ, ಅಲಂಕಾರ ಬೇರೆ ಎಂದು ವಿಂಗಡಿಸಿದುದನ್ನು ಓದಿದವರಿಗೆ ಇದು ಹೊಸ ಮಾತೇನೂ ಅಲ್ಲ.

ಆಮೇಲೆ ಬಂದ ವಿಘ್ನಗಳು ಚಿಲ್ಲರೆಯವು, ಆದರೂ ಎಲ್ಲ ಹೊಸಬರಿಗೂ ಬರುವಂಥವು. ಶಾಲೆಯ ಗಣಕದಲ್ಲಿ ಕಾಣುತ್ತಿದ್ದ ಪ್ರಾರ್ಥನಾಮಂದಿರದ ಚಿತ್ರ, ತಾಣವನ್ನು ಜಾಲಕ್ಕೆ ಏರಿಸಿದ ಮೇಲೆ ಕಾಣದಾಯಿತು. ಕೊಂಡಿಯಲ್ಲಿ ಬರೆದಿದ್ದುದು ಆ ಗಣಕದ ಸ್ವಂತ ಕಡತದ ದಾರಿ. ಹೊರಗಿನ ಸರ್ವರಿಗೆ ಅದು ಹೇಗೆ ಗೊತ್ತಾಗಬೇಕು? ದಾರಿಯನ್ನು ತಿದ್ದಿದರೂ ಒಂದು ಚಿತ್ರ ಬರಲಿಲ್ಲ. ಫೈಲಿನ ಹೆಸರಿನಲ್ಲಿ ಒಂದು ಕಡೆ ರೋಮನ್ ದೊಡ್ಡಕ್ಷರ, ಕೊಂಡಿಯಲ್ಲಿ ಚಿಕ್ಕಕ್ಷರ. ಶಾಲೆಯ ವಿಂಡೋಸ್ ಯಂತ್ರಕ್ಕೆ ಎರಡೂ ಒಂದೇ. ಬಹುತೇಕ ಸರ್ವರುಗಳಿಗೆ ಅವು ಬೇರೆಬೇರೆ. ಕಾಗುಣಿತದಲ್ಲಿ ಹ್ರಸ್ವದೀರ್ಘ ತಪ್ಪಿದರೆ ಅಂಕ ಕಳೆಯುವ ಅಧ್ಯಾಪಕರ ಬಗೆಗೆ ಗೊಣಗುತ್ತಿದ್ದವರಿಗೆ ಇನ್ನೂ ಕಟ್ಟುನಿಟ್ಟಾದ ಪರೀಕ್ಷಕನೊಬ್ಬನು ದೊರೆತನು.

ತಾಣವೆಲ್ಲ ಸಿದ್ಧವಾದ ಮೇಲೆ ಅದಕ್ಕೆ ಮನೆ ಬೇಕು, ವಿಳಾಸ ಬೇಕು. ಇಂಥ ಸರಳ ಪುಟಗಳಿಗೆ ಗಿಟ್‌ಹಬ್ ಪೇಜಸ್‌ನಂಥ ಕಡೆಗಳಲ್ಲಿ ಹಣವಿಲ್ಲದೆಯೇ ಜಾಗ ದೊರೆಯುತ್ತದೆ. ಸ್ವಂತ ಹೆಸರಿನ ವಿಳಾಸಕ್ಕೆ ಮಾತ್ರ ವರ್ಷವರ್ಷವೂ ಶುಲ್ಕ ಸಲ್ಲಬೇಕು. ಒಮ್ಮೆಗೆ ಹೆಚ್ಚೆಂದರೆ ಹತ್ತು ವರ್ಷಕ್ಕೆ ಕಾದಿರಿಸಬಹುದು. ವಿಳಾಸವನ್ನು ಕೊಂಡೆವೆಂದು ಜನ ಹೇಳುತ್ತಾರೆ. ವಾಸ್ತವವಾಗಿ ಅದು ಗೇಣಿಯ ಹೊಲ. ಅದರ ನೋಂದಣಿ ಸಂಸ್ಥೆಯ ಹೆಸರಿನಲ್ಲಿಯೇ ಇರಬೇಕು, ಮಿಂಚಂಚೆ ಕಾರ್ಯಾಲಯದ್ದಾಗಿರಬೇಕು, ಗುಪ್ತಪದ ಮೊಹರು ಮಾಡಿದ ಲಕೋಟೆಯಲ್ಲಿ, ಜಮೀನಿನ ಪತ್ರಗಳ ಜೊತೆಯಲ್ಲಿ ಇರಬೇಕು, ಮುಖ್ಯೋಪಾಧ್ಯಾಯರು ಬದಲಾದಾಗ ಬೀಗದಕೈಗಳ ಜೊತೆಯಲ್ಲಿ ಅದೂ ಹಸ್ತಾಂತರವಾಗಬೇಕು. ದಾನಿಗಳು ಗಣಕ ಕೊಡಿಸುತ್ತಾರೆ, ಕೊಠಡಿ ಕಟ್ಟಿಸುತ್ತಾರೆ. ಅಲ್ಲಿ ಹೆಸರಿನ ಕಲ್ಲಿಗೆ ಗೋಡೆ ಸಿಗುತ್ತದೆ. ಹತ್ತು ವರ್ಷದ ವಿಳಾಸಶುಲ್ಕಕ್ಕೆ ಸಣ್ಣ ಠೇವಣಿಯೊಂದನ್ನು ಇಡುವ ದಾನಿಗೆ ಕಲ್ಲು ಹಾಕಿಸಲು ಗೋಡೆಯಿಲ್ಲ. ಆದರೆ ಉಳಿದೆಲ್ಲ ದಾನಿಗಳ ಹೆಸರು ಉಳಿಯುವುದು ಆ ಒಬ್ಬರಿಂದ.

ಹಣವಿಲ್ಲದ ಜಾಗವನ್ನು ಪೂರ್ಣವಾಗಿ ನಂಬಿ ಕೂರುವುದೂ ತರವಲ್ಲ. ಹಿಂದೆ ಜಿಯೋಸಿಟೀಸ್ ಎಂಬ ತಾಣದಲ್ಲಿ ಲೋಕದ ನಾನಾ ಕಡೆಯ ಹೊಸಬರು ತಮ್ಮ ಮೊದಲ ಪುಟಗಳನ್ನು ಉಚಿತವಾಗಿ ಕಟ್ಟಿಕೊಂಡಿದ್ದರು. 1999ರಲ್ಲಿ ಅದನ್ನು ಯಾಹೂ ಕೊಂಡಿತು. 2009ರ ಅಕ್ಟೋಬರ್ 26ರಂದು ಮುಚ್ಚಿತು. ಆಸಕ್ತರ ತಂಡಗಳೂ, 1996ರಲ್ಲಿ ಸ್ಥಾಪಿತವಾದ ಇಂಟರ್ನೆಟ್ ಆರ್ಕೈವ್ ಸಂಸ್ಥೆಯೂ ಹೊತ್ತಿಗೆ ಸರಿಯಾಗಿ ಪ್ರತಿ ಮಾಡಿಕೊಂಡಷ್ಟು ಉಳಿಯಿತು, ಮಿಕ್ಕುದು ಹೋಯಿತು. ಕೈಬರಹದ ತಾಣಕ್ಕೆ ಇಲ್ಲಿ ಒಂದು ಅನುಕೂಲವಿದೆ. ಅದು ಬರಿಯ ಅಕ್ಷರಗಳ ಕೆಲವು ಫೈಲುಗಳು; ಪೆನ್‌ಡ್ರೈವಿನಲ್ಲಿ ಪ್ರತಿ ತೆಗೆದು ಹಾಜರಿ ಪುಸ್ತಕಗಳ ಬೀರುವಿನಲ್ಲಿ ಇಡಬಹುದು, ಒಂದು ಮನೆ ಮುಚ್ಚಿದರೆ ಮರುದಿನವೇ ಮತ್ತೊಂದು ಮನೆಗೆ ಸಾಗಿಸಬಹುದು. ಸಿದ್ಧ ಅಚ್ಚುಗಳಲ್ಲಿ ಎಳೆದು ಬಿಟ್ಟು ಮಾಡಿದ ತಾಣಗಳಲ್ಲಿ ಬಹಳಷ್ಟಕ್ಕೆ ಹೀಗೆ ಗಂಟುಮೂಟೆ ಕಟ್ಟುವ ಸೌಕರ್ಯವಿಲ್ಲ. ಮತ್ತು ಕಾಗದದ ಕಡತವನ್ನು ಯಾವ ಕಾರಣಕ್ಕೂ ರದ್ದಿಗೆ ಹಾಕಕೂಡದು.

ಕೃತಕ ಬುದ್ಧಿಯ ಯಂತ್ರಕ್ಕೆ ಒಂದು ಮಾತು ಹೇಳಿದರೆ ಕ್ಷಣದಲ್ಲಿ ತಾಣವನ್ನೇ ಬರೆದುಕೊಡುವ ಈ ಕಾಲದಲ್ಲಿ ಮಕ್ಕಳಿಂದ ಗುರುತುಗಳನ್ನು ಬರೆಸುವುದು ಹಟಮಾರಿತನವಲ್ಲವೇ ಎಂಬ ಆಕ್ಷೇಪವೂ ಉಂಟು. ಆಕ್ಷೇಪಿಸುವವರಲ್ಲಿ ಅಧ್ಯಾಪಕರೂ ಇರುವುದು ಆಶ್ಚರ್ಯ. ಪರೀಕ್ಷೆಯ ಗೈಡುಗಳನ್ನು ತರಗತಿಯೊಳಗೆ ಬಿಡದವರು ಅವರೇ. ತಾನೇ ಬರೆದು ತಪ್ಪಿದ ಸಾಲನ್ನು ಯಂತ್ರದ ಮುಂದಿಟ್ಟು ಏಕೆ ತಪ್ಪಿತೆಂದು ಕೇಳುವ ಮಗುವಿಗೆ ಅದು ಒಳ್ಳೆಯ ಉಪಾಧ್ಯಾಯನಾಗಬಲ್ಲದು. ಏನೂ ಬರೆಯದ ಮಗುವಿಗೆ ಅದೂ ಒಬ್ಬ ಗುತ್ತಿಗೆದಾರ. ಬ್ರೌಸರಿನಲ್ಲಿ ಯಾವ ಪುಟದ ಮೂಲಬರಹವನ್ನಾದರೂ ತೆರೆದು ನೋಡಬಹುದೆಂಬ ಸೌಲಭ್ಯ ಹಿಂದಿನಿಂದ ಇದೆ. ಮೊದಲ ತಲೆಮಾರಿನವರು ಬಹುಮಂದಿ ಪರರ ಪುಟಗಳನ್ನು ಹೀಗೆ ಬಿಚ್ಚಿ ನೋಡಿ, ಮೇಲುಪಂಕ್ತಿ ತಿದ್ದಿದಂತೆ ತಿದ್ದಿ, ಕಲಿತವರು. ಆ ದಾರಿ ಇಂದಿಗೂ ಮುಚ್ಚಿಲ್ಲ.

ಏನನ್ನು ಹಾಕಬೇಕೆಂಬುದರಷ್ಟೇ ಏನನ್ನು ಹಾಕಬಾರದೆಂಬುದೂ ವಿಚಾರಾರ್ಹ. ಉತ್ಸಾಹದ ಭರದಲ್ಲಿ ವಿದ್ಯಾರ್ಥಿನಿಯರ ಭಾವಚಿತ್ರ, ಊರು, ಪಾಲಕರ ದೂರವಾಣಿ ಸಂಖ್ಯೆಗಳನ್ನೆಲ್ಲ ತಾಣಕ್ಕೇರಿಸುವ ಶಾಲೆಗಳಿವೆ. ಊರಿನ ಸೂಚನಾಫಲಕದ ಮುಂದೆ ನಿಲ್ಲುವವರು ಪರಿಚಿತರು. ಜಾಲತಾಣದ ಮುಂದೆ ನಿಲ್ಲುವವರು ಯಾರೆಂದು ಬಲ್ಲವರಿಲ್ಲ. ವೈಯಕ್ತಿಕ ದತ್ತಾಂಶದ ರಕ್ಷಣೆಗಾಗಿ ಸಂಸತ್ತು 2023ರಲ್ಲಿ ಅಂಗೀಕರಿಸಿದ ಅಧಿನಿಯಮ 18 ವರ್ಷ ತುಂಬದವರೆಲ್ಲರನ್ನೂ ಮಕ್ಕಳೆಂದೇ ಎಣಿಸಿ, ಅವರ ವಿವರಗಳನ್ನು ಬಳಸಲು ಪಾಲಕರ ಒಪ್ಪಿಗೆಯನ್ನು ವಿಧಿಸಿದೆ. ಕಾನೂನು ಇರದಿದ್ದರೂ ಈ ವಿವೇಕ ಶಾಲೆಗೆ ಇರಬೇಕಾದುದೇ.

ಆ ಇಬ್ಬರು ವಿದ್ಯಾರ್ಥಿನಿಯರ ತಾಣದಲ್ಲಿ ಈಗ ಐದು ಪುಟಗಳಿವೆ. ಸ್ಥಾಪನೆಯ ವೃತ್ತಾಂತ, ದಾನಿಗಳ ಪಟ್ಟಿ, ಗ್ರಂಥಾಲಯದ ಪುಸ್ತಕಗಳ ಮೊದಲ ಕಂತು, ಕಾರ್ಯಾಲಯದ ವಿಳಾಸ ಇಷ್ಟು ಮುಗಿದಿವೆ. ಐದನೆಯದು ಸ್ಥಾಪನೆಯ ದಿನದಿಂದ ಇಲ್ಲಿ ಪಾಠ ಹೇಳಿದವರ ಪಟ್ಟಿ. ಅದು ಇನ್ನೂ ನಡೆಯುತ್ತಿದೆ. ನಿವೃತ್ತ ಅಧ್ಯಾಪಕರಿಬ್ಬರು ಶನಿವಾರ ಮಧ್ಯಾಹ್ನ ಬಂದು ಹಳೆಯ ಹಾಜರಿ ಪುಸ್ತಕಗಳ ಮೋಡಿ ಅಕ್ಷರದಂಥ ರುಜುಗಳನ್ನು ಬಿಡಿಸಿ ಓದುತ್ತಾರೆ, ಹುಡುಗಿಯರು ಬರೆದುಕೊಳ್ಳುತ್ತಾರೆ. ಒಂದು ಹೆಸರಿನ ಮೊದಲ ಅಕ್ಷರ ಗಕಾರವೋ ಸಕಾರವೋ ಎಂಬ ವಿಷಯದಲ್ಲಿ ಹಿರಿಯರಿಬ್ಬರಿಗೂ ಒಮ್ಮತವಾಗಿಲ್ಲ. ಆ ಅಧ್ಯಾಪಕರ ಮನೆಯವರನ್ನು ಬಲ್ಲ ಓದುಗರಿದ್ದರೆ ಕಾರ್ಯಾಲಯಕ್ಕೆ ಬರೆಯಬೇಕೆಂಬ ಕೋರಿಕೆಯೊಡನೆ, ಪುಟದಲ್ಲಿ ಸದ್ಯಕ್ಕೆ ಎರಡು ಪಾಠಗಳನ್ನೂ ಕೊಡಲಾಗಿದೆ.